ಆ ಕಡಿ ನಿಂತಾನ

ನಮ್ಮ ಮನೆಯಲ್ಲಿ ಅವನು ಒಂದೇ ಒಂದು ಸಲ ಔಟಾದ. ಆಮೇಲೆ ವರ್ಷಗಟ್ಟಲೆ ಆಗಲಿಲ್ಲ. ಹೊರಗಿನ ಜಗತ್ತಿನಲ್ಲಿ ಎಷ್ಟು ಸಲ ಔಟಾದ, ಎಷ್ಟು ಸಲ ಸೊನ್ನೆ ಹೊತ್ತುಕೊಂಡು ತಿರುಗಿ ಬಂದ ಎಂಬುದನ್ನು ಬರೆದಿಟ್ಟವರು ಬೇರೆ ಇದ್ದಾರೆ. ಹಿರೋಳ್ಳಿಯ ನಮ್ಮ ಅಡಿಗೆಮನೆಯಲ್ಲಿ ಮಾತ್ರ ಅವನು ಒಮ್ಮೆ ಬ್ಯಾಟು ಹಿಡಿದು ಬಂದನೆಂದರೆ ಆಟ ಮುಗಿಯುವ ತನಕ ನಿಂತೇ ಇರುತ್ತಿದ್ದ. ದೇಶಕ್ಕಾಗಿ ಆಡಿದವನು, ಪರದೇಶದ ಎತ್ತರದ ಆಳುಗಳು ಓಡಿ ಬಂದು ಎಸೆದ ಚೆಂಡನ್ನು ಜನ ಕೂತಲ್ಲಿಗೆ ಕಳಿಸಿದವನು. ಹೆಸರು ಹೇಳಿದರೆ ನಿಮಗೂ ಗೊತ್ತಾಗುತ್ತದೆ. ಆದರೆ ಆ ಹೆಸರು ನಮ್ಮ ಮನೆಯಲ್ಲಿ ಯಾರ ನಾಲಿಗೆಗೂ ಹತ್ತಲಿಲ್ಲ. ನನ್ನ ಆಯಿ, ಅಂದರೆ ಅಪ್ಪನ ತಾಯಿ, ಅವನನ್ನು ‘ಹೊಡಿಯಾಂವ’ ಎಂದು ಕರೆದಳು. ಅವಳು ಕರೆದ ಮೇಲೆ ಮುಗಿಯಿತು, ಮನೆಮಂದಿಗೆಲ್ಲ ಅದೇ ಹೆಸರು. ನಾನೂ ಇಲ್ಲಿ ಹಾಗೇ ಬರೆಯುತ್ತೇನೆ. ಆಯಿ ಇಟ್ಟ ಹೆಸರನ್ನು ದಾಟುವ ಧೈರ್ಯ ಈ ವಯಸ್ಸಿಗೂ ನನಗೆ ಬಂದಿಲ್ಲ.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ತಲೆಬಾಗಿಲು ದಾಟಿದರೆ ಎಡಕ್ಕೆ ಎತ್ತುಗಳು, ಎದುರಿಗೆ ಕಂಬದ ಪಡಸಾಲೆ, ಪಡಸಾಲೆಯ ಗೋಡೆಯಲ್ಲಿ ಒಂದು ಮಾಡ. ಆ ಮಾಡದಲ್ಲಿ ಮೊದಲು ದೀಪ ಇರುತ್ತಿತ್ತು. ಮುತ್ತ್ಯಾ, ಅಂದರೆ ನನ್ನ ಅಜ್ಜ, ಸೊಲ್ಲಾಪುರದಿಂದ ರೇಡಿಯೊ ತಂದ ದಿನ ದೀಪವನ್ನು ಪಕ್ಕಕ್ಕೆ ಸರಿಸಿ ಅದನ್ನು ಅಲ್ಲಿ ಕೂರಿಸಿದ. ಲಿಂಗಪೂಜೆ ಆಗುವ ಮನೆಯಲ್ಲಿ ಕಂಡವರ ಗಂಟಲು ಬೇಡವೆಂದು ಆಯಿ ಬಹಳ ದಿನ ಮುಖ ಊದಿಸಿಕೊಂಡಿದ್ದಳಂತೆ. ಮಾಡದ ಗೋಡೆಯ ಆಚೆ ಬದಿಯೇ ಅಡಿಗೆಮನೆ. ಅಲ್ಲಿ ಆಯಿ, ನನ್ನ ಅವ್ವ ಮತ್ತು ಕಾಕಾನ ಹೆಂಡತಿ ಚಿಗವ್ವ. ಮೂವರಿಗೂ ಕನ್ನಡ ಬಿಟ್ಟು ಬೇರೆ ಭಾಷೆ ಇಲ್ಲ. ಆಟದ ವರ್ಣನೆಯೋ, ಒಂದು ಗಳಿಗೆ ಹಿಂದಿಯಲ್ಲಿ ಬಂದರೆ ಇನ್ನೊಂದು ಗಳಿಗೆ ಇಂಗ್ಲಿಷಿನಲ್ಲಿ. ಮುತ್ತ್ಯಾ ನಿಜಾಮನ ಕಾಲದಲ್ಲಿ ಉರ್ದು ಶಾಲೆ ಕಲಿತವನು, ಹಿಂದಿ ತಿಳಿಯುತ್ತಿತ್ತು. ಇಂಗ್ಲಿಷು ಒಂದಕ್ಷರ ಬರುತ್ತಿರಲಿಲ್ಲ. ಆದರೆ ಅವನು ಯಾವ ಭಾಷೆಗೂ ಬಾಯಿ ನಿಲ್ಲಿಸಿದವನಲ್ಲ. ರೇಡಿಯೊಕ್ಕೆ ಕಿವಿ ಹಚ್ಚಿ, ಗೋಡೆಯ ಕಡೆಗೆ ಮುಖ ಮಾಡಿ, ಕೇಳಿದ್ದನ್ನು ಕೇಳಿದ ಹಾಗೆ, ಕೇಳದ್ದನ್ನು ಇನ್ನೂ ಚೆನ್ನಾಗಿ ಕನ್ನಡದಲ್ಲಿ ಕೂಗಿ ಹೇಳುತ್ತಿದ್ದ.

ಆಯಿಗೆ ಹೊಡಿಯಾಂವ ಹಿಡಿಸಿದ್ದು ಹೇಗೆಂದರೆ, ಅಂದು ನಮ್ಮವರು ಒಬ್ಬರ ಹಿಂದೊಬ್ಬರು ಔಟಾಗಿ ಕೂತಿದ್ದರಂತೆ. ಮುತ್ತ್ಯಾ ಗೋಡೆಯ ಆಚೆಯಿಂದ ಒಬ್ಬೊಬ್ಬನ ಹೆಸರು ಹೇಳಿ ಶಾಪ ಹಾಕುತ್ತಿದ್ದ. ಆಗ ಹೊಸ ಹುಡುಗನೊಬ್ಬ ಬಂದ. ಬಂದವನು ಮೊದಲ ಚೆಂಡಿಗೇ ಬೀಸಿದ. ಎದುರಿನವನು ಜೋರಾಗಿ ಎಸೆದಷ್ಟೂ ಇವನು ಜೋರಾಗಿ ಹೊಡೆದ. ಆಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳಂತೆ:

“ಎಲ್ಲಾರೂ ಕುಂತ ಮ್ಯಾಲ ಎದ್ದ ನಿಂತಾಂವ ಯಾರ್ರಿ ಅಂವಾ?”

ಅಷ್ಟೇ. ಅಂದಿನಿಂದ ರೇಡಿಯೊದ ನೆತ್ತಿಗೆ ವಿಭೂತಿ ಬಿತ್ತು.

ಅವನು ಔಟಾದದ್ದು ಆ ದಿನವೇ ಸಂಜೆಗೆ. ಮುತ್ತ್ಯಾ ಇದ್ದದ್ದನ್ನು ಇದ್ದಂತೆ ಹೇಳಿದ. ಆಯಿ ಊಟದ ಗಂಗಾಳದ ಮುಂದೆ ಕೂತಿದ್ದವಳು ಎದ್ದು ಕೈತೊಳೆದಳು. ನಮ್ಮ ಮನೆಯ ಒಂದು ರೀತಿ ಹೇಳಿದರೆ ಇದು ನಿಮಗೆ ತಿಳಿಯುತ್ತದೆ. ನಮ್ಮಲ್ಲಿ ದಾಸೋಹ ಅಂದರೆ ಹಬ್ಬದ ಮಾತಲ್ಲ, ದಿನದ ಮಾತು. ಬಂದವನು ಜಂಗಮನಿರಲಿ, ಬಳೆಗಾರನಿರಲಿ, ಉಣ್ಣದೆ ಹೊಸ್ತಿಲು ದಾಟುವ ಹಾಗಿಲ್ಲ. ಅದರಲ್ಲೂ ಉಣ್ಣಲು ಕೂತವನನ್ನು ಅರ್ಧಕ್ಕೆ ಎಬ್ಬಿಸಿದರೆ, ಎಬ್ಬಿಸಿದವರು ಯಾರೇ ಇರಲಿ, ಮನೆಯ ಹಿರಿಯಳು ಆ ಹೊತ್ತು ಉಣ್ಣುವಂತಿಲ್ಲ.

“ಹಸದ ಹುಡುಗ ಕೈ ತುಂಬ ಉಣ್ಣಾಕತ್ತಿದ್ದ. ಗಂಗಾಳದ ಮುಂದಿಂದ ಎಬ್ಬಿಸಿದ್ರು,” ಎಂದಳಂತೆ. “ನನಗ ಹೆಂಗ ತುತ್ತು ಇಳೀತದ?”

ಅತ್ತೆ ಉಣ್ಣದಿದ್ದರೆ ಸೊಸೆಯಂದಿರು ಉಣ್ಣುವುದು ಹೇಗೆ, ಹೆಂಗಸರು ಉಪವಾಸ ಕೂತರೆ ಗಂಡಸರ ಗಂಟಲಲ್ಲಿ ರೊಟ್ಟಿ ಇಳಿಯುವುದು ಹೇಗೆ. ಆ ದಿನ ಒಲೆಯ ಮುಂದೆ ಒಟ್ಟಿದ ರೊಟ್ಟಿಯೆಲ್ಲ ಎತ್ತುಗಳಿಗೆ ಹೋಯಿತು. ಮರುದಿನ ಆಯಿ ಲಿಂಗವನ್ನು ಅಂಗೈಯಲ್ಲಿಟ್ಟು ಹರಕೆ ಹೊತ್ತಳು: ಇನ್ನು ಮುಂದೆ ಸೋಮವಾರಕ್ಕೊಮ್ಮೆ ಒಪ್ಪತ್ತು ಇರುತ್ತೇನೆ, ಆ ಹುಡುಗನಿಗೆ ಹೊಟ್ಟೆತುಂಬ ಸಿಗಲಿ. ಮುತ್ತ್ಯಾ ಏನೂ ಹರಕೆ ಹೊರಲಿಲ್ಲ. ಅವನು ಮನಸ್ಸಿನಲ್ಲೇ ಒಂದು ತೀರ್ಮಾನಕ್ಕೆ ಬಂದ. ಹೊಡಿಯಾಂವ ಈ ಮನೆಯಲ್ಲಿ ಇನ್ನು ಔಟಾಗುವುದಿಲ್ಲ.

ಹೀಗೆ ನಾನು ಕಂಡ ಸಂಭ್ರಮ ಶುರುವಾಯಿತು. ಅದನ್ನು ನೆನೆದರೆ ಈಗಲೂ ನನ್ನ ಕೈ ತಾನಾಗಿಯೇ ಹಿಟ್ಟು ತಟ್ಟುತ್ತದೆ. ಚಿಗವ್ವ ಬಡಿಯುತ್ತಿದ್ದ ರೊಟ್ಟಿ ಆಟದ ಜೊತೆ ಓಡುತ್ತಿತ್ತು. ಮುತ್ತ್ಯಾ ಆಚೆಯಿಂದ “ಬಂದ, ಬಂದ, ಓಡಿ ಬಂದ, ಎಸದ” ಎನ್ನುವಾಗ ಅವಳ ಕೈ ಹಗುರಾಗಿ ಪಟಪಟ. “ಹೊಡದಾ ನೋಡು” ಎಂದ ಕೂಡಲೇ ರಪ್ಪನೆ ಒಂದು ಏಟು, ರೊಟ್ಟಿ ಕಲ್ಲಿನ ಅಂಚಿನ ತನಕ ಹರಡುತ್ತಿತ್ತು. ಅವನು ಚೆನ್ನಾಗಿ ಆಡಿದ ದಿನ ನಮ್ಮ ಮನೆಯ ರೊಟ್ಟಿ ಎಲೆಯಷ್ಟು ತೆಳ್ಳಗಿರುತ್ತಿತ್ತು. ಅವ್ವ ಪುಂಡಿಪಲ್ಯಕ್ಕೆ ಒಗ್ಗರಣೆ ಹಾಕುವುದನ್ನೂ ಎರಡು ಚೆಂಡಿನ ನಡುವೆ ಮಾಡುತ್ತಿದ್ದಳು, ಚರ್ರ್ ಎಂಬ ಸದ್ದಿಗೆ ಮುತ್ತ್ಯಾನ ಮಾತು ಮುಳುಗಬಾರದೆಂದು. ಇಂಗ್ಲಿಷ್ ಬಂದಾಗ ಇನ್ನೂ ಮೇಲು. ಆಗ ಮುತ್ತ್ಯಾನಿಗೆ ತಡೆಯೇ ಇಲ್ಲ. ಹೊಡಿಯಾಂವ ಹೊಡೆದ ಚೆಂಡು ಒಮ್ಮೆ ಸಮುದ್ರಕ್ಕೆ ಬಿತ್ತು. ಒಮ್ಮೆ ಎಸೆದವನು ಕೈಮುಗಿದು ನಿಂತುಬಿಟ್ಟ. ಒಮ್ಮೆ ಚೆಂಡು ಎರಡು ಹೋಳಾಗಿ, ಒಂದು ಹೋಳಿಗೆ ನಾಲ್ಕು, ಇನ್ನೊಂದಕ್ಕೆ ಆರು ಕೊಟ್ಟರು.

ಔಟಾದ ಗಳಿಗೆಯಲ್ಲಿ ಜನರ ಬೊಬ್ಬೆ ಏಳುವುದೇ ತಡ, ಮುತ್ತ್ಯಾ ಟಕ್ಕನೆ ರೇಡಿಯೊದ ಕಿವಿ ತಿರುವುತ್ತಿದ್ದ. ಸದ್ದು ನಿಂತದ್ದು ನೋಡಿ ಆಯಿ ಗೋಡೆಯತ್ತ ಕತ್ತೆತ್ತುತ್ತಿದ್ದಳು.

“ಯಾಕ್ರಿ, ಬಂದ್ ಆತು?”

“ಸೆಲ್ಲು ಕಾದಾವ ಬೇ. ಸ್ವಲ್ಪ ಆರಲಿ.”

ಸೆಲ್ಲು ಆರಿದ ಮೇಲೆ ಮತ್ತೆ ಹಚ್ಚುತ್ತಿದ್ದ. ಆಗ ಆಡುತ್ತಿದ್ದವರು ಬೇರೆ ಯಾರೋ. ಆಯಿ ಬಿಡುತ್ತಿರಲಿಲ್ಲ.

“ನಮ್ಮಾಂವ?”

“ಆ ಕಡಿ ನಿಂತಾನ. ಹೊಡದ ಹೊಡದ ದಣದಾನ. ಈಗ ಇಂವಾ ಹೊಡೀಲಿ ಅಂತ ಬಿಟ್ಟಾನ.”

“ಭಾಳ ಸಮಾಧಾನದ ಹುಡುಗ ಬಿಡ್ರಿ,” ಎಂದು ಆಯಿ ಸೆರಗು ಸರಿಮಾಡಿಕೊಂಡು ಉಣ್ಣಲು ಕೂರುತ್ತಿದ್ದಳು. ಸೋಮವಾರದ ಒಪ್ಪತ್ತು ಫಲಿಸಿದೆ ಎಂಬ ತೃಪ್ತಿ ಆ ಮುಖದಲ್ಲಿ ಇರುತ್ತಿತ್ತು. ಆ ಮುಖ ನೋಡಿ ಬೆಳೆದವಳು ನಾನು. ನನಗಿರುವ ಭಕ್ತಿಯ ಬುಡ ಎಲ್ಲಿದೆ ಎಂದು ಕೇಳಿದರೆ ಗುಡಿ ತೋರಿಸುವುದಿಲ್ಲ, ಆ ಗೋಡೆ ತೋರಿಸುತ್ತೇನೆ.

ಐದನೆಯ ತರಗತಿಯಲ್ಲಿ ನನಗೆ ಹಿಂದಿ ಬಂತು. ಆರನೆಯದರಲ್ಲಿ ಅಕ್ಷರ ಕೂಡಿತು. ಏಳನೆಯದರಲ್ಲಿ ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದೆ. ರೇಡಿಯೊದವನು ಹೊಡಿಯಾಂವ ಔಟಾಗಿ ಪೆವಿಲಿಯನ್ನಿಗೆ ಹೊರಟ ಎಂದು ಸ್ವಚ್ಛ ಹಿಂದಿಯಲ್ಲಿ ಹೇಳಿದ. ಮುತ್ತ್ಯಾ ಕಿವಿ ತಿರುವಿದ. “ಸೆಲ್ಲು ಕಾದಾವ,” ಎಂದು ಗೋಡೆಗೆ ಹೇಳಿ ತಿರುಗಿದವನು ನನ್ನ ಕಣ್ಣು ನೋಡಿದ. ನನ್ನ ಕೈಯಲ್ಲಿದ್ದ ಶೇಂಗಾ ಹಾಗೇ ಇತ್ತು. ಅವನು ಮೆಲ್ಲಗೆ ಬಂದು ನನ್ನ ಮೊರದಿಂದ ಒಂದು ಹಿಡಿ ಕಾಳು ತೆಗೆದುಕೊಂಡು, ಅರ್ಧ ನನ್ನ ಅಂಗೈಗೆ ಹಾಕಿ, ಹೊರಗೆ ಹೋದ.

ಆ ವರ್ಷ ನನ್ನ ಜೀವಕ್ಕೆ ಒಂದೇ ಚಿಂತೆ. ನಮ್ಮೂರ ಶಾಲೆ ಏಳಕ್ಕೆ ಮುಗಿಯುತ್ತಿತ್ತು. ಮುಂದೆ ಕಲಿಯಬೇಕೆಂದರೆ ದಿನಾ ಬಸ್ಸು ಹಿಡಿದು ಆಳಂದಕ್ಕೆ ಹೋಗಬೇಕು. ನನಗೆ ಹೋಗುವ ಆಸೆ ಎಷ್ಟಿತ್ತೆಂದರೆ, ಆಳಂದದ ಬಸ್ಸು ಊರು ಬಿಡುವ ಸದ್ದಿಗೆ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ. ಮನೆಯ ಮಾತು ಮುತ್ತ್ಯಾನದು. ಅವ್ವ ಹೆದರುತ್ತ ಒಮ್ಮೆ ಮಾತು ತೆಗೆದಳು. ಅಪ್ಪ ತನ್ನ ಅಪ್ಪನ ಮುಂದೆ ತಲೆ ಎತ್ತುವವನಲ್ಲ, ಎತ್ತಿನ ಹಗ್ಗ ನೋಡುತ್ತ ನಿಂತ.

“ಹೆಣ್ಣುಮಗಳು ದಿನಾ ಒಬ್ಬಾಕೀನೆ ಬಸ್ಸಿನ್ಯಾಗ ಹೋಗಿ ಬರಾದೇನು?” ಎಂದ ಮುತ್ತ್ಯಾ. “ರೊಟ್ಟಿ ಬಡಿಯಾಕ ಎಷ್ಟನೇ ಇಯತ್ತೆ ಬೇಕವ್ವಾ? ಇದ್ದ ಹಿಂದೀನೇ ಜಾಸ್ತಿ ಆಗೇದ ಇಕಿಗಿ.”

ಕೊನೆಯ ಮಾತು ಹೇಳುವಾಗ ನನ್ನ ಕಡೆ ನೋಡಲಿಲ್ಲ. ನನಗೆ ಮಾತ್ರ ತಿಳಿಯಿತು. ಅವ್ವ ಆಯಿಯ ಹತ್ತಿರ ಹೋಗಿ, ನೀವಾದರೂ ಹೇಳಿರಿ ಎಂದಳು. “ಅದು ಗಂಡಸರ ಮಾತು,” ಎಂದು ಆಯಿ ಜಪಮಾಲೆ ಹಿಡಿದಳು.

ಅದೇ ದಿನಗಳಲ್ಲಿ ಹೊಡಿಯಾಂವನಿಗೆ ಕೆಟ್ಟ ಕಾಲ ಬಂತು. ಹೊಡೆಯಲು ಹೋಗಿ ಬೇಗ ಬೇಗ ಔಟಾದ. ಹೊಡೆಯುವುದನ್ನು ಬಿಟ್ಟು ತಡೆಯಲು ಹೋಗಿ ಇನ್ನೂ ಬೇಗ ಔಟಾದ. ಅವನ ಹುಟ್ಟುಗುಣವನ್ನೇ ಜನ ಬೈದರು, ತಂಡದಿಂದ ಕೈಬಿಟ್ಟರು. ಹಿಂದಿ ಗುರುಗಳು ಶಾಲೆಯಲ್ಲಿ ಅದನ್ನು ಸತ್ತವರ ಸುದ್ದಿ ಹೇಳಿದಂತೆ ಹೇಳಿದರು. ಮನೆಯಲ್ಲಿ ಮುತ್ತ್ಯಾನಿಗೆ ಪೇಚಾಟ. ಆಟ ಇದೆ, ರೇಡಿಯೊ ಇದೆ, ಹೊಡಿಯಾಂವ ಇಲ್ಲ. ಆ ಕಡಿ ನಿಂತಾನ ಎಂದು ದಿನಗಟ್ಟಲೆ ಹೇಳಲು ಬರುತ್ತದೆಯೇ?

“ಎಲ್ಲಿ ಹೋಗ್ಯಾನ್ರಿ ಹುಡುಗ?” ಎಂದಳು ಆಯಿ.

ಮುತ್ತ್ಯಾ ಬಾಯಿಗೆ ಬಂದದ್ದು ಹೇಳಿದ.

“ಹೆಂಡ್ತಿ ಬಾಣಂತಿ ಆಗ್ಯಾಳ. ನೋಡ್ಕೊಳಾಕ ಯಾರೂ ಇಲ್ಲಂತ, ಸೂಟಿ ತಗೊಂಡಾನ.”

ಇದಕ್ಕಿಂತ ದೊಡ್ಡ ತಪ್ಪು ಅವನು ಜೀವಮಾನದಲ್ಲಿ ಮಾಡಲಿಲ್ಲ. ನಮ್ಮ ಆಯಿಗೆ ಬಾಣಂತಿಯ ಸುದ್ದಿ ಹೇಳಿ ಸುಮ್ಮನಿರಿ ಎಂದರೆ ಆಗುತ್ತದೆಯೇ? ಮರುದಿನವೇ ಒಣಕೊಬ್ಬರಿ ಹೆರೆದರು, ಉತ್ತತ್ತಿ ಕುಟ್ಟಿದರು, ತುಪ್ಪದಲ್ಲಿ ಅಂಟು ಹುರಿದರು. ಇಡೀ ಓಣಿಗೆ ಘಮ ಹೋಯಿತು. ಅಂಟಿನುಂಡಿ ಕಟ್ಟಿ ಹಿತ್ತಾಳೆಯ ಡಬ್ಬಿ ತುಂಬಿ, ಬಾಯಿಗೆ ಬಿಳಿ ಬಟ್ಟೆ ಬಿಗಿದು ಆಯಿ ಮುತ್ತ್ಯಾನ ಮುಂದಿಟ್ಟಳು. ಸೊಲ್ಲಾಪುರದ ಬಸ್ಸಿಗೆ ಕೊಟ್ಟರೆ ಅವರು ಮುಂಬೈ ರೈಲಿಗೆ ಮುಟ್ಟಿಸುತ್ತಾರೆ, ಅಲ್ಲಿ ಅವನನ್ನು ತಿಳಿಯದವರು ಯಾರು ಎಂಬುದು ಅವಳ ಲೆಕ್ಕ. ನಮ್ಮ ಕಡೆ ಕುಪ್ಪಸದಿಂದ ಹಿಡಿದು ಉಪ್ಪಿನಕಾಯಿಯ ತನಕ ಎಲ್ಲ ಹಾಗೇ ಹೋಗುತ್ತಿದ್ದವು, ತಪ್ಪೇನೂ ಕಾಣದು. ಮುತ್ತ್ಯಾ ಡಬ್ಬಿ ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋದ.

ಸಂಜೆ ಶಾಲೆ ಬಿಟ್ಟು ಬರುವಾಗ ನೋಡಿದೆ. ಮುತ್ತ್ಯಾನ ಗೆಳೆಯ, ದರ್ಜಿ ಮೈಬೂಬಸಾಬನ ಅಂಗಡಿಯಲ್ಲಿ, ಹೊಲಿಗೆ ಮಷಿನ್ನಿನ ಮೇಲೆ ಹಿತ್ತಾಳೆಯ ಡಬ್ಬಿ ಬಾಯಿ ತೆರೆದು ಕೂತಿತ್ತು. ಇಬ್ಬರ ಗಲ್ಲವೂ ಉಬ್ಬಿತ್ತು. ಮುತ್ತ್ಯಾ ನನ್ನನ್ನು ಹತ್ತಿರ ಕರೆದು ಒಂದು ಉಂಡಿ ಕೊಟ್ಟ.

“ತಿನ್ನು. ಬಾಯಾಗ ಉಂಡಿ ಇದ್ರ ಮಾತು ಹೊರಗ ಬರಂಗಿಲ್ಲ.”

ಮೈಬೂಬಸಾಬ ನಕ್ಕು, “ಖಾ ಬೇಟಿ, ಬಾಣಂತಿ ಉಂಡಿ. ನಿನ್ನ ಮುತ್ತ್ಯಾಗ ಸೊಂಟಕ್ಕ ಶಕ್ತಿ ಬರ್ಲಿ,” ಎಂದ.

ಡಬ್ಬಿ ತಿರುಗಿ ಮನೆಗೆ ಬರಬೇಕಲ್ಲ, ಖಾಲಿ ಬರಬಾರದು. ತುಂಬಿ ಕಳಿಸಿದ ಡಬ್ಬಿಯನ್ನು ಬರಿದು ಕಳಿಸುವುದು ನಮ್ಮಲ್ಲಿ ಅವಮಾನ. ಒಂದು ಹಿಡಿ ಜೋಳವನ್ನಾದರೂ ಹಾಕಿ ಕಳಿಸುತ್ತಾರೆ. ವಾರ ಕಳೆದು ಮುತ್ತ್ಯಾ ತಂದುಕೊಟ್ಟ ಡಬ್ಬಿಯಲ್ಲಿ ಕಲ್ಲುಸಕ್ಕರೆ ಇತ್ತು.

“ನೋಡ್ರೆವ್ವಾ ಸಂಸ್ಕಾರ,” ಎಂದು ಆಯಿ ಸೊಸೆಯಂದಿರಿಗೆ ತೋರಿಸಿದಳು. “ದೊಡ್ಡ ಮನಶ್ಯಾ ಆದ್ರೂ ಡಬ್ಬಿ ಖಾಲಿ ಕಳಸಿಲ್ಲ.” ಅದನ್ನು ದೇವರ ಜಗಲಿಯ ಮೇಲೆ, ಲಿಂಗದ ಪಕ್ಕದಲ್ಲಿಟ್ಟು ಪೂಜೆ ಮಾಡಿ ಓಣಿಗೆಲ್ಲ ಪ್ರಸಾದ ಹಂಚಿದಳು.

ಪರೀಕ್ಷೆ ಹತ್ತಿರ ಬಂದಾಗ ಹೊಡಿಯಾಂವನನ್ನು ಮತ್ತೆ ತಂಡಕ್ಕೆ ಕರೆದರು. ಅಂದು ಮುತ್ತ್ಯಾ ಅಫಜಲಪುರಕ್ಕೆ, ಬೀಗರ ಮನೆಯ ನಿಶ್ಚಯಕ್ಕೆ ಹೋಗಿದ್ದ. ಅಪ್ಪ, ಕಾಕಾ ಹೊಲದಲ್ಲಿ. ಮೈಬೂಬಸಾಬ ದಾರಿಯಲ್ಲಿ ಹೋಗುತ್ತ ಬಾಗಿಲಲ್ಲಿ ನಿಂತು, “ಇವತ್ತ ಆಡಾಕತ್ತಾನ್ರೀ ನಿಮ್ಮ ಹೊಡಿಯಾಂವ,” ಎಂದು ಹೇಳಿ ಹೋದ. ಆಯಿ ಹಿಟ್ಟಿನ ಕೈಯಲ್ಲೇ ಎದ್ದಳು.

“ಏ ನೀಲಾ, ಅದರ ಕಿವಿ ತಿರುವು.”

“ಮುತ್ತ್ಯಾ ಬೈತಾನ ಆಯಿ.”

“ಮುತ್ತ್ಯಾ ಅಫಜಲಪುರದಾಗ ಅದಾನ. ಅಲ್ಲಿಂದ ಬೈದ್ರ ಇಲ್ಲಿಗಿ ಕೇಳಸಂಗಿಲ್ಲ. ನಿನಗ ಹಿಂದಿ ಬರ್ತದೋ ಇಲ್ಲೋ?”

“ಬರ್ತದ.”

ನಾನು ರೇಡಿಯೊವನ್ನು ಮಾಡದಿಂದ ಎತ್ತಿ ಅಡಿಗೆಮನೆಗೆ ತಂದೆ. ಅದು ಒಲೆ ಕಂಡದ್ದು ಅದೇ ಮೊದಲು. ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲೆ ಕೂರಿಸಿದೆ. ಕೊರಕೊರ ಸದ್ದಿನ ನಡುವೆ ಹಿಂದಿ ಕೇಳಿಸಿತು. ಪುಸ್ತಕದ ಹಿಂದಿಗೂ ಓಡುವ ಹಿಂದಿಗೂ ಬಹಳ ದೂರ. ಆದರೂ ದೇವರು ದೊಡ್ಡವನು, ಮಾತಿನ ಬಾಲ ಸಿಕ್ಕಿತು, ಹಿಡಿದುಕೊಂಡೆ.

“ಬಂದಾನ ಆಯಿ. ನಿಂತಾನ. ಎಸಿಯಾಂವ ದೂರಿಂದ ಓಡಿ ಬರಾಕತ್ತಾನ. ಹೊಡದ. ನಾಕು.”

ಚಿಗವ್ವನ ಕೈ ರಪ್ಪೆಂದಿತು.

“ಮತ್ತ ಓಡಿ ಬಂದ. ಹೊಡದ. ಮತ್ತ ನಾಕು. ಹಿಂದಿಂದ ಹಿಡಿಯಾಕ ಹೋದಾಂವ ಬಿದ್ದಾನ.”

“ಪೆಟ್ಟಾತೇನು ಪಾಪ?” ಎಂದಳು ಅವ್ವ.

“ಸುಮ್ಕಿರ್ರಿ ಅಕ್ಕಾ, ಬಿದ್ದಾಂವ ಏಳ್ತಾನ,” ಎಂದಳು ಚಿಗವ್ವ. “ಮುಂದ ಹೇಳವ್ವ ನೀಲಾ.”

ಏನು ಹೇಳಲಿ ಆ ಮಧ್ಯಾಹ್ನವನ್ನು. ತಂಡದಿಂದ ತೆಗೆದಿಟ್ಟ ಮನುಷ್ಯ, ಹೊಡೆಯಬೇಡವೆಂದು ಎಲ್ಲರಿಂದ ಹೇಳಿಸಿಕೊಂಡ ಮನುಷ್ಯ, ಅದೇ ಹೊಡೆತವನ್ನೇ ಹೊಡೆಯುತ್ತಿದ್ದ. ನಾನು ಕೂತವಳು ಎದ್ದು ನಿಂತಿದ್ದೆ. ಕೈಯಲ್ಲಿ ಲಟ್ಟಣಿಗೆ ಯಾವಾಗ ಬಂತೋ ತಿಳಿಯದು. ಚೆಂಡು ಎಡಕ್ಕೆ ಹೋದರೆ ಎಡಕ್ಕೆ ಬೀಸಿದೆ, ಬಲಕ್ಕೆ ಹೋದರೆ ಬಲಕ್ಕೆ. ಒಲೆಯ ಮೇಲಿನ ರೊಟ್ಟಿ ಒಂದು ಕಪ್ಪಾಯಿತು, ಯಾರೂ ಬೈಯಲಿಲ್ಲ. ಆಯಿ ನಡುನಡುವೆ ‘ಶಿವಶಿವಾ’ ಎನ್ನುತ್ತ ಮೊಣಕಾಲು ತಟ್ಟಿಕೊಳ್ಳುತ್ತಿದ್ದಳು. ಆಮೇಲೆ ಇಂಗ್ಲಿಷು ಬಂತು.

“ಈಗೇನಂತಾನ?”

“ಗೊತ್ತಿಲ್ಲ ಆಯಿ. ಇಂಗ್ಲಿಷ್ ಅದ.”

ಆ ಅಡಿಗೆಮನೆಯಲ್ಲಿ ರೇಡಿಯೊದ ಬಗ್ಗೆ ‘ಗೊತ್ತಿಲ್ಲ’ ಎಂಬ ಮಾತು ಅಂದಿನ ತನಕ ಯಾರೂ ಕೇಳಿರಲಿಲ್ಲ. ಆಯಿ ನನ್ನನ್ನೇ ನೋಡಿದಳು.

“ನಿನ್ನ ಮುತ್ತ್ಯಾಗ ಗೊತ್ತಾಗ್ತಿತ್ತಲ್ಲ?”

“ಮಾವನೋರಿಗಿ ಹಕ್ಕಿ ಭಾಷಾನೂ ಬರ್ತದ್ರಿ ಅತ್ತಿ,” ಎಂದಳು ಚಿಗವ್ವ, ರೊಟ್ಟಿಯಿಂದ ಕಣ್ಣೆತ್ತದೆ.

ಅಷ್ಟರಲ್ಲಿ ರೇಡಿಯೊದಲ್ಲಿ ಬೊಬ್ಬೆ ಎದ್ದಿತು. ಇಂಗ್ಲಿಷಿನವನು ಗಬಗಬ ಮಾತಾಡಿದ, ಕೊರಕೊರ ಸದ್ದು ಅವನನ್ನು ನುಂಗಿತು. ಸಿಕ್ಸರಿಗೂ ಅದೇ ಬೊಬ್ಬೆ, ಔಟಿಗೂ ಅದೇ ಬೊಬ್ಬೆ. ನನ್ನ ಕೈ ರೇಡಿಯೊದ ಕಿವಿಯ ಮೇಲಿತ್ತು. ತಿರುವಿದ್ದರೆ ಮುಗಿಯುತ್ತಿತ್ತು. ಸೆಲ್ಲು ಕಾದಾವ ಎಂದರೆ ಆಯಿಯ ಹರಕೆ ಉಳಿಯುತ್ತಿತ್ತು, ಮುತ್ತ್ಯಾನ ಮರ್ಯಾದೆ ಉಳಿಯುತ್ತಿತ್ತು, ಆಳಂದದ ಶಾಲೆಯ ಮಾತಿಗೆ ಅವನ ಮನಸ್ಸೂ ಕರಗಬಹುದಿತ್ತು. ಮತ್ತೆ ಹಿಂದಿ ಬಂತು. ಒಂದೊಂದು ಮಾತೂ ಸ್ಪಷ್ಟ. ಮೂವರೂ ನನ್ನ ಬಾಯಿ ನೋಡುತ್ತ ಕೂತಿದ್ದರು. ಅಷ್ಟು ನಂಬಿಕೆಯಿಂದ ನನ್ನ ಬಾಯಿಯನ್ನು ಅದಕ್ಕೆ ಮುಂಚೆ ಯಾರೂ ನೋಡಿರಲಿಲ್ಲ.

“ಔಟಾದ ಆಯಿ.”

ಆಯಿ ರೇಡಿಯೊದ ಕಡೆ ಸರಿದಳು.

“ಬರೋಬ್ಬರಿ ಕೇಳು. ಆ ಕಡಿ ನಿಂತಿರ್ಬೇಕು.”

“ಇಲ್ಲ ಆಯಿ. ಆ ಕಡಿ ನಿಂತಾಂವ ಬ್ಯಾರೆ. ಇಂವ ಔಟಾಗಿ ಹೊಂಟಾನ.”

ಆಯಿ ಸೆರಗಿನಿಂದ ಕೈ ಒರೆಸಿಕೊಂಡಳು. ಅವ್ವ ಆಯಿಗೆಂದು ಬಡಿಸಿಟ್ಟ ಗಂಗಾಳ ಪಕ್ಕದಲ್ಲೇ ಇತ್ತು. ನಾನು ಅದನ್ನೇ ನೋಡುತ್ತಿದ್ದೆ.

“ಎಷ್ಟ ಹೊಡದಿದ್ದ?”

“ನೂರಕ್ಕ ಸ್ವಲ್ಪ ಕಮ್ಮಿ.”

“ಮಂದಿ ಏನ್ ಮಾಡಾಕತ್ತಾರ?”

“ಎದ್ದ ನಿಂತು ಚಪ್ಪಾಳಿ ಹೊಡಿಯಾಕತ್ತಾರಂತ. ಬ್ಯಾರೆ ದೇಶದವ್ರೂ ಹೊಡಿಯಾಕತ್ತಾರಂತ.”

ಆಯಿ ಒಲೆಯ ಕೊಳ್ಳಿ ಹಿಂದಕ್ಕೆ ಸರಿಸಿದಳು. ಆಮೇಲೆ ಗಂಗಾಳವನ್ನು ತನ್ನ ಕಡೆ ಎಳೆದುಕೊಂಡಳು.

“ಹಂಗಾರ ಯಾರೂ ಎಬ್ಬಿಸಿಲ್ಲ ಬಿಡು. ಉಂಡು ಎದ್ದಾನ. ನಾ ಬೇಡಿದ್ದೂ ಅಷ್ಟ, ಹೊಟ್ಟಿ ತುಂಬ್ಲಿ ಅಂತ.”

ರೊಟ್ಟಿ ಮುರಿದಳು. ನನ್ನ ಜೀವ ತಿರುಗಿ ಬಂತು. ಅರ್ಧ ರೊಟ್ಟಿ ಮುಗಿದಿರಬೇಕು, ಆಯಿಯ ಕೈ ನಿಂತಿತು.

“ನೀಲಾ. ಇದಕ್ಕ ಮೊದಲ ಔಟಾಗಿದ್ದನೇನು?”

“ಎಲ್ಲಾರೂ ಆಗ್ತಾರ ಆಯಿ. ಮರುದಿನ ಮತ್ತ ಬರ್ತಾರ.”

“ಹೆಂಡ್ತಿ ಬಾಣಂತನ?”

“ಟೀಮಿನಿಂದ ತಗದಿದ್ರು. ಈಗ ಮತ್ತ ಕರದಾರ.”

ಉಂಡಿಯ ಮಾತು ನಾನು ಎತ್ತಲಿಲ್ಲ, ಆಯಿಯೂ ನನ್ನನ್ನು ಕೇಳಲಿಲ್ಲ. ಉತ್ತರ ಹೇಳಬೇಕಾದವನು ಸಂಜೆಯ ಬಸ್ಸಿಗೆ ಬರುವವನಿದ್ದ.

ಮುತ್ತ್ಯಾ ಬಂದ, ಕಾಲು ತೊಳೆದ, ಪಡಸಾಲೆಯಲ್ಲಿ ಕೂತ. ಆಯಿ ಬೆಲ್ಲದ ಚೂರು, ತಂಬಿಗೆ ನೀರು ತಂದಿಟ್ಟಳು. ಸೊಸೆಯಂದಿರು ಬಾಗಿಲ ಮರೆಯಲ್ಲಿ, ನಾನು ಕಂಬದ ಪಕ್ಕದಲ್ಲಿ.

“ಅಂಟಿನುಂಡಿ ಹೆಂಗಿದ್ದುವ್ರಿ?”

ಮುತ್ತ್ಯಾ ಮಾಡದ ಕಡೆ ನೋಡಿದ. ಅದು ಬರಿದಾಗಿತ್ತು. ನೀರು ಕುಡಿದು ತಂಬಿಗೆ ಕೆಳಗಿಟ್ಟ.

“ಛಲೋ ಇದ್ದುವು. ತುಪ್ಪ ಸ್ವಲ್ಪ ಮುಂದಾಗಿತ್ತು. ಇಕೀನೂ ಒಂದು ತಿಂದಾಳ,” ಎಂದು ನನ್ನ ಕಡೆ ಕೈ ಮಾಡಿದ.

“ತಿನ್ಲಿ, ಕೂಸು. ಕಲ್ಲುಸಕ್ಕರಿ ಕಳಸಿದಾಂವ ಯಾರು?”

“ಮೈಬೂಬ.”

ಬಾಗಿಲ ಮರೆಯಲ್ಲಿ ಚಿಗವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು.

“ಮೈಬೂಬನ ಸಕ್ಕರಿ ಲಿಂಗದ ಬಾಜೂಕ ಇಟ್ಟು ಓಣಿಗಿ ಹಂಚೇನಿ ನಾ.”

“ಲಿಂಗ ಏನೂ ಅನ್ನಲಿಲ್ಲಲ್ಲ. ಸೀನೇ ಇತ್ತು,” ಎಂದ ಮುತ್ತ್ಯಾ. ಆಮೇಲೆ ದನಿ ಇಳಿಸಿದ. “ನಾ ಏನ್ ಮಾಡ್ಲಿ ಬೇ. ಅಂದು ನೀ ಉಣದೆ ಎದ್ದಿ. ನೀ ಉಣ್ಣದಿದ್ರ ನನಗ ತುತ್ತು ಇಳಿಯಂಗಿಲ್ಲ. ಅಂವಗ ಔಟ್ ಮಾಡಾವ್ರು ಭಾಳ ಮಂದಿ ಅದಾರ. ನನ್ನ ಗಂಗಾಳಕ್ಕ ರೊಟ್ಟಿ ಹಾಕಾಕಿ ನೀ ಒಬ್ಬಾಕಿ.”

ಆಯಿ ತಂಬಿಗೆ ಎತ್ತಿ ಪಕ್ಕಕ್ಕಿಟ್ಟಳು. ಸಿಟ್ಟು ಇಳಿಯಿತೋ ಬೇರೆ ದಾರಿ ಹಿಡಿಯಿತೋ, ನನಗೆ ತಿಳಿಯಲಿಲ್ಲ. ಎದ್ದು ನಿಂತು ಹೇಳಿದಳು:

“ಇನ್ ಮ್ಯಾಲ ರೇಡಿಯೊ ಅಡಗಿಮನ್ಯಾಗ ಇರ್ತದ. ಹೇಳಾಕಿ ನೀಲಾ. ಹಿಂದಿ ಬರ್ತದ, ಇಂಗ್ಲಿಷ್ ಬರಂಗಿಲ್ಲ ಅಕಿಗಿ. ಆ ಹೊತ್ತಿನ್ಯಾಗ ಏನ ನಡೀತದೋ ಅದೂ ನನಗ ಖರೇ ಖರೇ ತಿಳೀಬೇಕು. ಅಕಿ ಆಳಂದಕ್ಕ ಹೋಗಿ ಕಲೀಲಿ.”

“ಹೆಣ್ಣುಮಗಳು, ದಿನಾ ಬಸ್ಸಿನ್ಯಾಗ…”

“ನನ್ನ ಉಂಡಿ ತಾವ ಬಸ್ಸಿನ್ಯಾಗ ಮುಂಬೈಗಿ ಹೋಗಿ, ಸಕ್ಕರಿ ತಗೊಂಡು ತಿರುಗಿ ಬಂದಾವ. ನನ್ನ ಮೊಮ್ಮಗಳು ಆಳಂದಕ್ಕ ಹೋಗಿ ಬರಂಗಿಲ್ಲೇನು?”

ಮುತ್ತ್ಯಾ ನನ್ನನ್ನು ನೋಡಿದ. ನಗು ತಡೆಯಲು ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡ. ಬಾಯಿಯಲ್ಲಿ ಸಿಹಿ ಇದ್ದರೆ ಮಾತು ಹೊರಗೆ ಬರುವುದಿಲ್ಲವಲ್ಲ.

ಮಳೆಗಾಲ ಹಿಡಿದಾಗ ಬಸ್ಸು ಹತ್ತಿದೆ. ಹೊಸ ಚೀಲ, ಮೈಬೂಬಸಾಬ ಹೊಲಿದ ನೀಲಿ ಲಂಗ, ಬುತ್ತಿಯಲ್ಲಿ ರೊಟ್ಟಿ ಮತ್ತು ಶೇಂಗಾ ಹಿಂಡಿ. ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ದೇವರು ಕೊಟ್ಟದ್ದನ್ನು ನೆನೆಯುತ್ತ ಕೂತಾಗ ಆ ಕಿಟಕಿಯನ್ನು ನಾನು ಮೊದಲ ಸಾಲಿನಲ್ಲೇ ಇಡುತ್ತೇನೆ. ಮುಂದಿನ ವರ್ಷಗಳಲ್ಲಿ ಹೊಡಿಯಾಂವ ದೊಡ್ಡವನಾದ, ದೇಶ ದೇಶ ತಿರುಗಿದ, ನಮ್ಮ ಅಡಿಗೆಮನೆಯಲ್ಲಿ ಬೇಕಾದಷ್ಟು ಸಲ ಔಟಾದ. ನೂರು ಹೊಡೆದರೆ ಆಯಿ “ಹಬ್ಬದ ಊಟ” ಎನ್ನುತ್ತಿದ್ದಳು. ಹತ್ತಕ್ಕೆ ಔಟಾದರೆ “ಬಾಯಿ ಎಂಜಲಾತು ಅಷ್ಟ,” ಎಂದು ತಾನೂ ಒಂದು ರೊಟ್ಟಿ ಕಡಿಮೆ ಉಣ್ಣುತ್ತಿದ್ದಳು. ಸೋಮವಾರದ ಒಪ್ಪತ್ತನ್ನು ಮಾತ್ರ ಬಿಡಲಿಲ್ಲ. ಇಂಗ್ಲಿಷ್ ಬಂದಾಗ ನಾನು ತಿಳಿದಷ್ಟು ಹೇಳಿ, ತಿಳಿಯದ್ದಕ್ಕೆ ಗೊತ್ತಿಲ್ಲ ಎನ್ನುತ್ತಿದ್ದೆ. ಮುತ್ತ್ಯಾ ಬಾಗಿಲಲ್ಲಿ ಕೂತು, “ಚೆಂಡು ಸಮುದ್ರಕ್ಕ ಬಿತ್ತು, ಅದನ್ನ ಹೇಳು,” ಎಂದು ಕೆಣಕುತ್ತಿದ್ದ.

ಜೇವರ್ಗಿಗೆ ಮದುವೆಯಾಗಿ ಬಂದ ಮೇಲೆ, ನಾನು ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗಿದ್ದಾಗ ಅವನ ಕೊನೆಯ ಆಟ ಬಂತು. ಆಟ ಬಿಡುವುದಾಗಿ ಮೊದಲೇ ಹೇಳಿದ್ದ. ಮುತ್ತ್ಯಾನಿಗೆ ಅಷ್ಟರಲ್ಲಿ ಕಿವಿ ಪೂರಾ ಮಂದವಾಗಿತ್ತು, ಅಡಿಗೆಮನೆಯ ಬಾಗಿಲಲ್ಲಿ ಹೊರಸು ಹಾಕಿಸಿಕೊಂಡು ಮಲಗಿರುತ್ತಿದ್ದ. ಒಲೆಯ ಮುಂದೆ ಅವ್ವ, ಚಿಗವ್ವ. ನನ್ನ ಮಗಳು ತೊಟ್ಟಿಲಲ್ಲಿ. ಹಿಟ್ಟಿನ ಡಬ್ಬಿಯ ಮೇಲೆ ಅದೇ ರೇಡಿಯೊ. ಹೊಡಿಯಾಂವ ಬಂದ, ಜನ ಎದ್ದು ನಿಂತರು. ಎದುರಿನವನು ಓಡಿ ಬಂದ. ಹೊಡಿಯಾಂವ ಮೊದಲ ದಿನದಂತೆಯೇ ಮೊದಲ ಚೆಂಡಿಗೇ ಬೀಸಿದ. ಚೆಂಡು ಮೇಲೆ ಹೋಯಿತು, ಮೇಲೆ ಹೋದದ್ದು ಒಬ್ಬನ ಕೈಗೆ ಇಳಿಯಿತು. ಒಂದು ಓಟವೂ ಇಲ್ಲ. ಗಂಗಾಳದ ಮುಂದೆ ಕೂತವನು ತುತ್ತೆತ್ತದೆ ಎದ್ದ.

“ಔಟ್ ಆಯಿ,” ಎಂದೆ. “ಸೊನ್ನೆ.”

ಆಯಿ ತಲೆಯಾಡಿಸಿದಳು. ಹೊರಸಿನ ಮೇಲೆ ಮುತ್ತ್ಯಾ ಮೊಣಕೈ ಊರಿ ಎದ್ದಿದ್ದ. ನಮ್ಮೆಲ್ಲರ ಮುಖ ನೋಡಿದ.

“ಏನ್ ಮಾಡ್ದ ಬೇ ನಮ್ಮಾಂವ?”

ಆಯಿ ಎದ್ದು ಹೋಗಿ, ಅವನ ಕಿವಿಯ ಹತ್ತಿರ ಬಗ್ಗಿ, ಓಣಿಗೆ ಕೇಳುವಷ್ಟು ಜೋರಾಗಿ ಹೇಳಿದಳು:

“ಆ ಕಡಿ ನಿಂತಾನ್ರಿ.”

ಮುತ್ತ್ಯಾ ಅವಳನ್ನು ಒಂದು ಗಳಿಗೆ ನೋಡಿದ. ಹಲ್ಲಿಲ್ಲದ ಬಾಯಿ ಮೆಲ್ಲಗೆ ಅಗಲವಾಯಿತು.

“ಹಂಗಾರ ಅಂಟಿನುಂಡಿ ಕಟ್ಟು,” ಎಂದ. “ನಾ ಕಳಸ್ತೇನಿ.”

ಆಯಿ ನಕ್ಕಳು. ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಬಾಣಂತನಕ್ಕೆ ತಂದ ಉತ್ತತ್ತಿ ಎಲ್ಲಿಟ್ಟಿದ್ದೀ ಎಂದು ಅವ್ವನನ್ನು ಕೇಳಿದಳು.